ಆಕಾಶದ ಒಂದು ಘಂಟೆ, ನೆಲದ ನಾಲ್ಕು ಘಂಟೆ

ಬೆಂಗಳೂರಿಗೂ ಹುಬ್ಬಳ್ಳಿಗೂ ನಡುವೆ ವಿಮಾನಪ್ರಯಾಣದ ಕಾಲವೆಷ್ಟೆಂದು ಯಾರನ್ನು ಕೇಳಿದರೂ, ಒಂದು ಘಂಟೆ, ಹೆಚ್ಚೆಂದರೆ ಒಂದು ಘಂಟೆ ಹತ್ತು ನಿಮಿಷ, ಎಂದು ತಟ್ಟನೆ ಉತ್ತರ ಬರುತ್ತದೆ. ವೇಳಾಪಟ್ಟಿಯಲ್ಲಿ ಅಚ್ಚಾಗಿರುವುದೂ ಅದೇ. ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣದಿಂದ ಹುಬ್ಬಳ್ಳಿಯ ನಿಲ್ದಾಣಕ್ಕೆ ಆಕಾಶಮಾರ್ಗದಲ್ಲಿ ನೇರವಾಗಿ ಅಳೆದರೆ ಸುಮಾರು 370 ಕಿಲೋಮೀಟರು ದೂರವಾಗುತ್ತದೆ. ಅಷ್ಟು ದೂರವನ್ನು ಒಂದು ಘಂಟೆಯಲ್ಲಿ ಕ್ರಮಿಸುವುದು ನಮ್ಮ ಹಿರಿಯರ ಊಹೆಗೂ ನಿಲುಕದಿದ್ದ ಸಂಗತಿ. ಉತ್ತರದಲ್ಲಿ ತಪ್ಪೇನೂ ಇಲ್ಲ. ಆದರೆ ಪ್ರಯಾಣಿಕನು ಒಂದು ವಿಮಾನ ನಿಲ್ದಾಣದಲ್ಲಿ ವಾಸಮಾಡಿ ಇನ್ನೊಂದು ವಿಮಾನ ನಿಲ್ದಾಣದಲ್ಲಿ ಉದ್ಯೋಗ ಮಾಡತಕ್ಕವನಲ್ಲವಷ್ಟೆ! ಅವನು ತನ್ನ ಮನೆಯ ಹೊಸ್ತಿಲಿನಿಂದ ಹೊರಡುತ್ತಾನೆ. ಇನ್ನೊಂದು ಹೊಸ್ತಿಲನ್ನು ತಲಪಬೇಕಾಗಿರುತ್ತದೆ. ಆ ಎರಡು ಹೊಸ್ತಿಲುಗಳ ನಡುವಣ ಕಾಲವನ್ನು ಯಾವ ವೇಳಾಪಟ್ಟಿಯೂ ಹೇಳುವುದಿಲ್ಲ. ಆ ಲೆಕ್ಕವನ್ನೇ ಇಂದು ವಾಚಕರ ಮುಂದಿಡಬೇಕೆಂದು ನಾವು ಉದ್ದೇಶಿಸಿದ್ದೇವೆ.

ಈಚೆಗೆ ನಾವೇ ಕಾರ್ಯಾರ್ಥವಾಗಿ ಹುಬ್ಬಳ್ಳಿಗೆ ಹೋಗಬೇಕಾಗಿ ಬಂತು. ಹಿಂದಿನ ರಾತ್ರಿ ಎಲೆಕ್ಟ್ರಾನಿಕ್ ಸಿಟಿಯ ಬಳಿಯಿರುವ ನಮ್ಮ ಬಂಧುಗಳ ಮನೆಯಲ್ಲಿ ತಂಗಿದ್ದೆವು. ವಿಮಾನ ಹೊರಡುವುದು ಬೆಳಿಗ್ಗೆ 7 ಘಂಟೆ 25 ನಿಮಿಷಕ್ಕೆ. ಐದು ಘಂಟೆಗೆ ಹೊರಟರೆ ಸಾಲದೆ ಎಂದು ಕೇಳಿದೆವು. ಅಲ್ಲಿಯೇ ಒಂದು ಕಂಪೆನಿಯಲ್ಲಿ ಕೆಲಸದಲ್ಲಿರುವ ಬಂಧುವು, "ಬೇಡಿ ಮಾವ, ಐದಾದರೆ ಷಿಫ್ಟಿನ ಬಸ್ಸುಗಳು ರಸ್ತೆಗೆ ಇಳಿಯುತ್ತವೆ. ಮಳೆ ಬೇರೆ ಇದೆ. ನಾಲ್ಕಕ್ಕೇ ಹೊರಟುಬಿಡಿ" ಎಂದನು. ಹಾಗೆಯೇ ಹೊರಟೆವು. ಎಷ್ಟು ಹೊತ್ತಿಗೆ ತಲಪಬಹುದೆಂದು ಬಾಡಿಗೆ ಕಾರಿನ ಚಾಲಕನನ್ನು ವಿಚಾರಿಸಿದಾಗ ಅವನು ಕೊಟ್ಟ ಉತ್ತರ ನೆನಪಿನಲ್ಲಿಡತಕ್ಕದ್ದು: "ಹೆಬ್ಬಾಳ ದಾಟಲಿ ಸ್ವಾಮಿ, ಆಮೇಲೆ ಹೇಳುತ್ತೇನೆ." ಆ ದಿನ ರಸ್ತೆ ಬರಿದಾಗಿತ್ತು, 5 ಘಂಟೆ 10 ನಿಮಿಷಕ್ಕೆಲ್ಲ ನಿಲ್ದಾಣದ ಬಾಗಿಲಿನಲ್ಲಿದ್ದೆವು. ಮುಂದಿನ ಎರಡು ಘಂಟೆಗೂ ಮೀರಿದ ಕಾಲವನ್ನು ಕುರ್ಚಿಯ ಮೇಲೆ ತೂಕಡಿಸುತ್ತ ಕಳೆದೆವು. 8 ಘಂಟೆ 35 ನಿಮಿಷಕ್ಕೆ ಹುಬ್ಬಳ್ಳಿಯಲ್ಲಿ ಇಳಿದು, ಗಂಟುಮೂಟೆ ಪಡೆದು, ಊರೊಳಗಿನ ಮನೆಯ ಮೆಟ್ಟಿಲು ಹತ್ತಿದಾಗ 9 ಘಂಟೆ 20 ನಿಮಿಷ. ಒಟ್ಟು 5 ಘಂಟೆ 20 ನಿಮಿಷದ ಪ್ರಯಾಣದಲ್ಲಿ ವಿಮಾನದೊಳಗೆ ಕಳೆದುದು 1 ಘಂಟೆ 10 ನಿಮಿಷ. ಉಳಿದ ನಾಲ್ಕು ಘಂಟೆಗೂ ಮೀರಿದ ಕಾಲವು ನೆಲದ ಪಾಲಾಯಿತು. ಇಷ್ಟು ಸಾಲದೆಂಬಂತೆ, 2023ರ ಜೂನಿನಲ್ಲಿ ಆರಂಭವಾದ ಬೆಂಗಳೂರು-ಧಾರವಾಡದ ವಂದೇ ಭಾರತ್ ರೈಲು ಯಶವಂತಪುರದ ಮೇಲೆ ಹಾದು ಸುಮಾರು ಐದು ಘಂಟೆಗಳಲ್ಲಿ ಹುಬ್ಬಳ್ಳಿಯನ್ನು ಸೇರುತ್ತದೆ. ಪೀಣ್ಯದ ನಿವಾಸಿಯೊಬ್ಬನು ಯಶವಂತಪುರದಲ್ಲಿ ಆ ರೈಲು ಹತ್ತಿದರೆ, ಆಕಾಶದಲ್ಲಿ ಹಾರಿದ ನಮಗೂ ನೆಲದಲ್ಲಿ ಉರುಳಿದ ಅವನಿಗೂ ವ್ಯತ್ಯಾಸವೇ ಇಲ್ಲದಂತಾಗುತ್ತದೆ.

ನಮ್ಮ ಹಿಂದಿನವರು ದೂರವನ್ನು ಹರಿದಾರಿ, ಗಾವುದಗಳಿಂದ ಅಳೆಯುತ್ತಿದ್ದರು. ಆದರೆ ದಾರಿಹೋಕನಿಗೆ ಉತ್ತರ ಹೇಳುವಾಗ ಅವರು ಹೇಳುತ್ತಿದ್ದುದು ಬೇರೆಯೇ: ಅರ್ಧ ಹಗಲಿನ ದಾರಿ, ಹೊತ್ತು ಮುಳುಗುವುದರೊಳಗೆ ಸೇರಬಹುದು, ನಡುವೆ ಹೊಳೆಯಿದೆ, ನೀರು ಬಂದರೆ ನಾಳೆಗಾಯಿತು. ದೂರವೆಂಬುದು ನೆಲದ ಉದ್ದವಾಗಿರದೆ ಮನುಷ್ಯನಿಗೆ ತಗಲುವ ಕಾಲವೆಂಬುದನ್ನು ಅವರು ಚೆನ್ನಾಗಿ ಅರಿತಿದ್ದರು. ಯಂತ್ರಯುಗದ ನಾವು ಈ ಸಾಮಾನ್ಯ ಜ್ಞಾನವನ್ನು ಮರೆತು, ವಿಮಾನದ ಕಾಲವನ್ನು ಮಾತ್ರ ಎಣಿಸಿ ಸಂತೋಷಪಡುತ್ತಿದ್ದೇವೆ.

ವೇಳಾಪಟ್ಟಿಯ ಆ ಒಂದು ಘಂಟೆಯನ್ನೇ ಸ್ವಲ್ಪ ಬಿಡಿಸಿ ನೋಡೋಣ. ದೊಡ್ಡ ಜೆಟ್ ವಿಮಾನವು ಎತ್ತರದಲ್ಲಿ ಘಂಟೆಗೆ 800 ಕಿಲೋಮೀಟರಿನ ವೇಗದಲ್ಲಿ ಸಾಗಬಲ್ಲದು. ಆ ಲೆಕ್ಕದಲ್ಲಿ 370 ಕಿಲೋಮೀಟರಿಗೆ ಅರ್ಧ ಘಂಟೆಯೂ ಬೇಡ. ಹಾಗಿದ್ದರೂ ವೇಳಾಪಟ್ಟಿಯಲ್ಲಿ ಅದರ ಇಮ್ಮಡಿ ಕಾಲವೇಕೆ? ಉತ್ತರ ಸರಳವಾಗಿದೆ. ವಿಮಾನವು ನಿಂತ ಜಾಗದಿಂದ ಕದಲಿದ ಕ್ಷಣದಿಂದ ಇನ್ನೊಂದು ನಿಲ್ದಾಣದಲ್ಲಿ ಪೂರ್ತಿಯಾಗಿ ನಿಲ್ಲುವವರೆಗಿನ ಕಾಲವನ್ನು ಪ್ರಯಾಣಕಾಲವೆಂದು ಎಣಿಸುತ್ತಾರೆ. ನಿಂತ ಜಾಗದಿಂದ ರನ್‌ವೇಯ ತುದಿಗೆ ಉರುಳಬೇಕು. ಮುಂದಿನ ವಿಮಾನಗಳು ಏಳುವವರೆಗೆ ಸಾಲಿನಲ್ಲಿ ಕಾಯಬೇಕು. ಗಾಳಿ ಬೀಸುವ ದಿಕ್ಕಿಗೆ ಎದುರಾಗಿ ಎದ್ದು, ಆಮೇಲೆ ಊರಿನ ಕಡೆಗೆ ತಿರುಗಬೇಕು. ಏರಲು ಕೆಲವು ನಿಮಿಷ, ಇಳಿಯಲು ಅದಕ್ಕಿಂತ ಹೆಚ್ಚು. ಹತ್ತಿರದ ಊರಾದರೆ ವಿಮಾನವು ತನ್ನ ಪೂರ್ಣ ವೇಗವನ್ನು ಮುಟ್ಟಿ ನೆಟ್ಟಗೆ ಹಾರುವ ಕಾಲ ಬಹಳ ಸ್ವಲ್ಪ. ಆದುದರಿಂದಲೇ ದೂರ ಅರ್ಧವಾದರೂ ಕಾಲ ಅರ್ಧವಾಗುವುದಿಲ್ಲ. ಬೆಂಗಳೂರಿನಿಂದ ಮಂಗಳೂರಿಗೆ ನೇರವಾಗಿ ಸುಮಾರು 305 ಕಿಲೋಮೀಟರು, ಶಿವಮೊಗ್ಗಕ್ಕೆ ಸುಮಾರು 240. ಆದರೂ ಪ್ರಯಾಣಕಾಲ ಹೆಚ್ಚು ಕಡಮೆ ಆ ಒಂದು ಘಂಟೆಯೇ. ಇದರ ಮೇಲೆ ನಿಲ್ದಾಣದ ವಿಧಿಗಳಿವೆ: ಸಾಮಾನು ಒಪ್ಪಿಸಬೇಕು, ತಪಾಸಣೆಗೆ ನಿಲ್ಲಬೇಕು, ವಿಮಾನ ಹೊರಡುವುದಕ್ಕೆ ಬಹಳ ಮುಂಚೆಯೇ ಹಾಜರಿರಬೇಕು. ಪ್ರಯಾಣ ಕಿರಿದಾದಷ್ಟೂ ನೆಲದ ಪಾಲು ಹಿರಿದಾಗುತ್ತದೆ ಎಂಬುದು ಇದರ ಸಾರಾಂಶ.

ಈಗ ಬೆಂಗಳೂರಿನ ಹೊರವಲಯದ ಕಡೆಗೆ ನೋಡೋಣ. ನಗರದ ಉದ್ಯಮವೆಲ್ಲ ಇಂದು ಮೂರು ಮೂಲೆಗಳಲ್ಲಿ ನೆಲಸಿದೆ ಎಂದರೆ ಹೆಚ್ಚಿನ ಅತಿಶಯೋಕ್ತಿಯಾಗದು. ವಾಯವ್ಯಕ್ಕೆ ಪೀಣ್ಯ: ಲೇತು, ಅಚ್ಚು, ಎರಕಗಳ ಸಹಸ್ರಾರು ಸಣ್ಣ ಕಾರ್ಖಾನೆಗಳ ಊರು. ದಕ್ಷಿಣಕ್ಕೆ ಎಲೆಕ್ಟ್ರಾನಿಕ್ ಸಿಟಿ: 1970ರ ದಶಕದ ಕೊನೆಯಲ್ಲಿ ಕಿಯೋನಿಕ್ಸ್ ಸಂಸ್ಥೆಯ ಆರ್. ಕೆ. ಬಾಳಿಗರ ದೂರದೃಷ್ಟಿಯಿಂದ ಕೋನಪ್ಪನ ಅಗ್ರಹಾರ, ದೊಡ್ಡತೋಗೂರುಗಳ 332 ಎಕರೆ ಭೂಮಿಯಲ್ಲಿ ಮೊದಲಾದದ್ದು. ಪೂರ್ವಕ್ಕೆ ವೈಟ್‌ಫೀಲ್ಡ್: 1880ರ ದಶಕದಲ್ಲಿ ಮೈಸೂರು ಅರಸರು ಆಂಗ್ಲೋ-ಇಂಡಿಯನ್ ಜನರಿಗೆ ಕೊಟ್ಟ ಭೂಮಿಯಲ್ಲಿ ಎದ್ದ ಪುಟ್ಟ ಹಳ್ಳಿ, ಇಂದು ಗಾಜಿನ ಸೌಧಗಳ ನಗರ. ಇವುಗಳಿಂದ ದೇವನಹಳ್ಳಿಯ ನಿಲ್ದಾಣಕ್ಕೆ ಆಕಾಶದ ಅಳತೆಯಲ್ಲಿ ವೈಟ್‌ಫೀಲ್ಡಿನಿಂದ 26 ಕಿಲೋಮೀಟರು, ಪೀಣ್ಯದಿಂದ 28, ಎಲೆಕ್ಟ್ರಾನಿಕ್ ಸಿಟಿಯಿಂದ 40. ನೆಲದ ದಾರಿಯಲ್ಲಿ ಮಾತ್ರ ಎಲೆಕ್ಟ್ರಾನಿಕ್ ಸಿಟಿಯಿಂದ ಸುಮಾರು 55 ಕಿಲೋಮೀಟರಾಗುತ್ತದೆ. ಬೆಳಗಿನ ಜಾವದಲ್ಲಿ ಒಂದು ಘಂಟೆಯ ದಾರಿ. ಸಂಜೆಯಲ್ಲಿ ಎರಡು ಘಂಟೆ. ಮಳೆ ಹಿಡಿದ ಸಂಜೆಯಲ್ಲಿ ದೈವಚಿತ್ತ.

ಈ ಸ್ಥಿತಿ ಹೇಗೆ ಬಂತೆಂಬುದನ್ನು ಸ್ಮರಿಸುವುದು ಅವಶ್ಯ. 1940ರ ಡಿಸೆಂಬರಿನಲ್ಲಿ ವಾಲಚಂದ ಹೀರಾಚಂದರು ಮೈಸೂರು ಸರ್ಕಾರದ ಸಹಾಯದಿಂದ ಸ್ಥಾಪಿಸಿದ ಹಿಂದೂಸ್ಥಾನ್ ವಿಮಾನ ಕಾರ್ಖಾನೆಯ ಬಯಲೇ ಬಹುಕಾಲ ಬೆಂಗಳೂರಿನ ವಿಮಾನ ನಿಲ್ದಾಣವಾಗಿತ್ತು. ವೈಟ್‌ಫೀಲ್ಡಿಗೆ ಅದು ನೆರೆಮನೆಯಂತಿತ್ತು. ಎಲೆಕ್ಟ್ರಾನಿಕ್ ಸಿಟಿಗೂ ದೂರವಿರಲಿಲ್ಲ. ಆದರೆ ಅಲ್ಲಿದ್ದುದು ಒಂದೇ ರನ್‌ವೇ. ಅದರಲ್ಲಿಯೇ ರಕ್ಷಣಾ ವಿಮಾನಗಳ ಪರೀಕ್ಷೆಯೂ ನಡೆಯಬೇಕು. ಬೆಳೆಯುವ ನಗರಕ್ಕೆ ಅದು ಸಾಲದೆಂಬುದು ನಿಜವಾಗಿತ್ತು. 2008ರ ಮೇ 24ರಂದು ದೇವನಹಳ್ಳಿಯ ನಿಲ್ದಾಣ ತೆರೆಯಿತು. ಹಳೆಯದರಲ್ಲಿ ನಿಯತ ಪ್ರಯಾಣಿಕ ವಿಮಾನಗಳ ಸಂಚಾರ ನಿಂತಿತು. ಹೊಸ ನಿಲ್ದಾಣದ ಕಂಪೆನಿಗೂ ಕೇಂದ್ರ ಸರ್ಕಾರಕ್ಕೂ 2004ರ ಜುಲೈಯಲ್ಲಿ ಆದ ಒಪ್ಪಂದದಲ್ಲಿ ಒಂದು ಷರತ್ತು ಸೇರಿತ್ತು. ಮೈಸೂರು, ಹಾಸನಗಳನ್ನುಳಿದು, 150 ಕಿಲೋಮೀಟರ ಆಕಾಶದೂರದೊಳಗೆ ಬೇರೆ ವಿಮಾನ ನಿಲ್ದಾಣವನ್ನು 25 ವರ್ಷಗಳವರೆಗೆ ಬೆಳೆಸಕೂಡದು ಎಂಬುದೇ ಅದು. ಆ ಗಡುವು ಮುಗಿಯುವುದು 2033ರಲ್ಲಿ. ಬಂಡವಾಳ ಹೂಡುವವನು ತನ್ನ ರಕ್ಷಣೆಯನ್ನು ಕೇಳುವುದು ಸಹಜ. ಅದಕ್ಕೆ ನಾವು ಕಂಪೆನಿಯನ್ನು ದೂಷಿಸುವುದಿಲ್ಲ. ಆದರೆ 25 ವರ್ಷ ಬೇರೆ ನಿಲ್ದಾಣ ಬೇಡವೆಂದು ಕೈ ಕಟ್ಟಿಕೊಂಡ ಸರ್ಕಾರದವರು, ಇರುವ ಒಂದು ನಿಲ್ದಾಣಕ್ಕೆ ಜನರು ತಲಪುವ ದಾರಿಯನ್ನು ಅದೇ ದಿನ ನಿರ್ಮಿಸಲು ತೊಡಗಬೇಡವಾಗಿತ್ತೆ?

ತೊಡಗಲಿಲ್ಲ. ನಿಲ್ದಾಣಕ್ಕೆ ಮೆಟ್ರೋ ರೈಲಿನ ಯೋಜನೆ ಕೇಂದ್ರ ಮಂತ್ರಿಮಂಡಲದ ಒಪ್ಪಿಗೆ ಪಡೆದುದು 2021ರ ಏಪ್ರಿಲಿನಲ್ಲಿ, ನಿಲ್ದಾಣ ತೆರೆದ 13 ವರ್ಷಗಳ ತರುವಾಯ. ಇಷ್ಟರಲ್ಲಿ ಮೆಟ್ರೋ ಪೀಣ್ಯಕ್ಕೆ 2014ರಲ್ಲಿ, ವೈಟ್‌ಫೀಲ್ಡಿಗೆ 2023ರಲ್ಲಿ, ಎಲೆಕ್ಟ್ರಾನಿಕ್ ಸಿಟಿಯ ಮೇಲೆ ಹಾದು ಬೊಮ್ಮಸಂದ್ರಕ್ಕೆ 2025ರ ಆಗಸ್ಟಿನಲ್ಲಿ ಹೋಗಿ ಮುಟ್ಟಿತು. ಮೂರು ಮೂಲೆಗಳಿಗೂ ರೈಲು ಬಂದಿತು. ಅಲ್ಲಿಂದ ನಿಲ್ದಾಣಕ್ಕೆ ಒಯ್ಯುವ ರೈಲು ಮಾತ್ರ ಎಲ್ಲಕ್ಕೂ ಕೊನೆಯದಾಯಿತು. ಆನೆ ಹೊರಟು ಬಾಲ ಸಿಕ್ಕಿಕೊಂಡಿತು ಎಂಬ ಗಾದೆಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಕ್ಕಲಾರದು. ಭಾರತೀಯ ರೈಲ್ವೆಯವರು 2021ರ ಜನವರಿಯಲ್ಲಿ ನಿಲ್ದಾಣದ ಸಮೀಪ ಒಂದು ಸಣ್ಣ ಹಾಲ್ಟ್ ತೆರೆದರು. ಆದರೆ ದಿನಕ್ಕೆ ಬೆರಳೆಣಿಕೆಯ ರೈಲುಗಳನ್ನು ನಂಬಿ ವಿಮಾನ ಹಿಡಿಯುವ ಧೈರ್ಯ ಎಷ್ಟು ಜನಕ್ಕೆ ಬಂದೀತು?

ಇಲ್ಲಿ ಒಂದು ಸೂಕ್ಷ್ಮವನ್ನು ಅಧಿಕಾರಿವರ್ಗದವರು ಗಮನಿಸಬೇಕೆಂದು ವಿನಂತಿಸುತ್ತೇವೆ. ಜನರನ್ನು ಬಾಧಿಸುತ್ತಿರುವುದು ದಾರಿಯ ದೀರ್ಘತೆಗಿಂತ ಹೆಚ್ಚಾಗಿ ಅದರ ಅನಿಶ್ಚಿತತೆ. ಎರಡು ಘಂಟೆಯ ದಾರಿ ನಿತ್ಯವೂ ಎರಡು ಘಂಟೆಯೇ ಆಗಿದ್ದರೆ ಮನುಷ್ಯನು ಅದಕ್ಕೆ ಹೊಂದಿಕೊಳ್ಳುತ್ತಾನೆ. ಇಂದು ಒಂದು, ನಾಳೆ ಎರಡೂವರೆ ಎಂದಾದಾಗ, ಪ್ರತಿಯೊಬ್ಬನೂ ಪ್ರತಿದಿನವೂ ಅತ್ಯಂತ ಕೆಟ್ಟ ದಿನದ ಲೆಕ್ಕವನ್ನೇ ಹಾಕಿ ಹೊರಡಬೇಕಾಗುತ್ತದೆ. ರಸ್ತೆ ಬರಿದಾಗಿದ್ದ ದಿನವೂ ನಾವು ಎರಡು ಘಂಟೆ ಕುರ್ಚಿಯಲ್ಲಿ ತೂಕಡಿಸಿದ್ದು ಇದೇ ಕಾರಣದಿಂದ. ಅದು ರಸ್ತೆ ನುಂಗಿದ ಕಾಲವಲ್ಲ, ರಸ್ತೆಯ ಭಯ ನುಂಗಿದ ಕಾಲ. 2024-25ರಲ್ಲಿ ಈ ನಿಲ್ದಾಣವನ್ನು ಬಳಸಿದ ಪ್ರಯಾಣಿಕರು 4 ಕೋಟಿ 18 ಲಕ್ಷಕ್ಕೂ ಮೇಲ್ಪಟ್ಟವರು. ಅವರಲ್ಲಿ ವಿಮಾನ ಬದಲಿಸಲು ಮಾತ್ರ ಇಳಿದವರನ್ನು ಬಿಟ್ಟರೂ, ಭಯಕ್ಕಾಗಿ ವ್ಯರ್ಥವಾಗುವ ಘಂಟೆಗಳ ಮೊತ್ತವನ್ನು ವಾಚಕರೇ ಊಹಿಸಿಕೊಳ್ಳಬಹುದು. ರಸ್ತೆಯನ್ನು ಅಗಲಿಸುವುದರಿಂದಲಾಗಲಿ ಮೇಲ್ಸೇತುವೆಯ ಮೇಲೆ ಮೇಲ್ಸೇತುವೆ ಕಟ್ಟುವುದರಿಂದಲಾಗಲಿ ಈ ಭಯ ಹೋಗದು. 2010ರಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಸುಮಾರು 10 ಕಿಲೋಮೀಟರ ಎತ್ತರದ ರಸ್ತೆ ಬಂದಿತು. ಅದರ ಮೇಲೆ ಹಾರಿಹೋದ ವಾಹನಗಳು ಸಿಲ್ಕ್ ಬೋರ್ಡಿನ ಬಳಿ ಇಳಿದು ನಿಂತವು. ತನ್ನದೇ ದಾರಿಯಲ್ಲಿ, ಹೇಳಿದ ಹೊತ್ತಿಗೆ ಬರುವ ರೈಲೊಂದೇ ಜನರಿಗೆ ನಿಶ್ಚಯವನ್ನು ಕೊಡಬಲ್ಲದು.

ಬೇರೊಂದು ಪರಿಹಾರವನ್ನೂ ಪ್ರಯತ್ನಿಸಿ ನೋಡಿದವರುಂಟು. 2018ರ ಮಾರ್ಚಿಯಲ್ಲಿ ದೇವನಹಳ್ಳಿಯ ನಿಲ್ದಾಣದಿಂದ ಎಲೆಕ್ಟ್ರಾನಿಕ್ ಸಿಟಿಗೆ ಹೆಲಿಕಾಪ್ಟರ್ ಸಂಚಾರವನ್ನು ಆರಂಭಿಸಿದರು. 15 ನಿಮಿಷದ ಹಾರಾಟ. ತೆರಿಗೆಯನ್ನುಳಿದು 3,500 ರೂಪಾಯಿಯ ಬಾಡಿಗೆ. ಅದು ಬಹುಕಾಲ ನಡೆಯಲಿಲ್ಲ. ಕೆಲವೇ ಮಂದಿ ಕೂರುವ ಯಂತ್ರದಿಂದ ಒಂದು ನಗರದ ಕಷ್ಟ ನೀಗುವುದೆಂದು ಯಾರೂ ನಂಬಿರಲಾರರು. ಆದರೂ ಆ ಪ್ರಯತ್ನವು ಒಂದು ಪಾಠವನ್ನು ಹೇಳಿತು. ಒಂದು ಘಂಟೆಯ ವಿಮಾನಪ್ರಯಾಣಕ್ಕೆ 2,500 ರೂಪಾಯಿಯ ಮಿತಿ ಹಾಕಿ ಕೇಂದ್ರ ಸರ್ಕಾರದವರು 2017ರಲ್ಲಿ ಉಡಾನ್ ಯೋಜನೆಯ ಮೊದಲ ವಿಮಾನವನ್ನು ಹಾರಿಸಿದ್ದರು. ಊರಿಂದ ಊರಿಗೆ ಹೋಗುವುದಕ್ಕೆ 2,500. ಊರೊಳಗಿನ 40 ಕಿಲೋಮೀಟರಿಗೆ 3,500! ಈ ಎರಡು ಸಂಖ್ಯೆಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ರೋಗವೆಲ್ಲಿದೆಯೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಇದು ಬೆಂಗಳೂರಿಗರ ಗೊಣಗಾಟ, ನಮಗೇನು ಎಂದು ಹೊರ ಜಿಲ್ಲೆಗಳ ವಾಚಕರು ಪುಟ ತಿರುವಬಾರದು. 2019ರ ನವೆಂಬರಿನಲ್ಲಿ ಕಲಬುರಗಿಯಲ್ಲಿಯೂ, 2023ರ ಫೆಬ್ರವರಿಯಲ್ಲಿ ಶಿವಮೊಗ್ಗದಲ್ಲಿಯೂ ವಿಮಾನ ನಿಲ್ದಾಣಗಳು ಉದ್ಘಾಟಿತವಾದವು. ಶಿವಮೊಗ್ಗದ ನಿಲ್ದಾಣಕ್ಕೆ ಸುಮಾರು 450 ಕೋಟಿ ರೂಪಾಯಿ ಸಾರ್ವಜನಿಕ ದ್ರವ್ಯ ವೆಚ್ಚವಾಗಿದೆ. ರಾಷ್ಟ್ರಕವಿಗಳ ಹೆಸರನ್ನು ಅದಕ್ಕೆ ಇಡಲಾಗಿದೆ. ಆದರೆ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸದಲ್ಲಿರುವ ಶಿವಮೊಗ್ಗದ ಯುವಕನು ತಾಯಿಗೆ ಮೈಯಲ್ಲಿ ಸ್ವಸ್ಥವಿಲ್ಲವೆಂದು ಕೇಳಿ ಹೊರಟರೆ, ವಿಮಾನ ಹತ್ತುವುದಕ್ಕೇ ಅವನಿಗೆ ನಾಲ್ಕು ಘಂಟೆ ಬೇಕು. ಅಷ್ಟು ಹೊತ್ತಿಗೆ ಯಶವಂತಪುರದಲ್ಲಿ ರೈಲು ಹತ್ತಿದವನು ಶಿವಮೊಗ್ಗದ ಹತ್ತಿರಕ್ಕೆ ಬಂದಿರುತ್ತಾನೆ. ಹೀಗಿರುವಾಗ ಆ ವಿಮಾನವನ್ನು ಹತ್ತುವವರು ಯಾರು? ಹತ್ತುವವರಿಲ್ಲದಿದ್ದರೆ ಅದನ್ನು ನಡೆಸುವವರು ಯಾರು? ಬೆಂಗಳೂರಿನ ನೆಲದ ದಾರಿ ಕೆಟ್ಟರೆ ಮಲೆನಾಡಿನ ವಿಮಾನ ನಿಲ್ದಾಣಕ್ಕೂ ಕೇಡು. ಆ ತುದಿಯಲ್ಲಿ ಸುರಿದ ಹಣಕ್ಕೆ ಫಲ ಬರಬೇಕಾದರೆ ಈ ತುದಿಯ ದಾರಿ ನೆಟ್ಟಗಾಗಬೇಕು.

ಈಗ ಎರಡನೆಯ ವಿಮಾನ ನಿಲ್ದಾಣದ ಮಾತು ಎಲ್ಲೆಡೆಯೂ ಕೇಳಿಬಂದಿರುತ್ತದೆ. ರಾಜ್ಯ ಸರ್ಕಾರದವರು ಸೂಚಿಸಿದ ಮೂರು ಸ್ಥಳಗಳನ್ನು, ಕನಕಪುರ ರಸ್ತೆಯ ಚೂಡಹಳ್ಳಿ, ಸೋಮನಹಳ್ಳಿಗಳನ್ನೂ ನೆಲಮಂಗಲ-ಕುಣಿಗಲ್ ರಸ್ತೆಯ ಚಿಕ್ಕಸೋಲೂರನ್ನೂ, 2025ರ ಏಪ್ರಿಲಿನಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರದ ತಜ್ಞರು ಬಂದು ನೋಡಿಹೋದರು. ನೆರೆಯ ತಮಿಳುನಾಡಿನ ಮುಖ್ಯಮಂತ್ರಿಗಳು 2024ರ ಜೂನಿನಲ್ಲಿಯೇ ಹೊಸೂರಿನಲ್ಲಿ 2,000 ಎಕರೆಯ ನಿಲ್ದಾಣವನ್ನು ಕಟ್ಟುವುದಾಗಿ ಶಾಸನಸಭೆಯಲ್ಲಿ ಘೋಷಿಸಿದ್ದರು. ಹೊಸೂರಿಗೂ ಅದೇ 150 ಕಿಲೋಮೀಟರಿನ ಷರತ್ತು ಅಡ್ಡವಾಗಿದೆಯೆಂಬುದು ಬೇರೆ ಮಾತು. ಈ ವಿಷಯವನ್ನು ಎರಡು ರಾಜ್ಯಗಳ ಸ್ಪರ್ಧೆಯೆಂದು ಬಗೆದು ರೊಚ್ಚಿಗೇಳುವವರೂ ಇದ್ದಾರೆ. ನಾವು ಆ ಗುಂಪಿಗೆ ಸೇರಿದವರಲ್ಲ. ಹೊಸೂರೂ ಭಾರತದ ನೆಲವೇ. ಅತ್ತಿಬೆಲೆಯ ಆಚೆಗೆ ಪರದೇಶವಿಲ್ಲ. ನಾವು ಕೇಳುವ ಪ್ರಶ್ನೆ ಬೇರೆ.

ಉದ್ಯಮಗಳಿರುವುದು ಮೂರು ಮೂಲೆಗಳಲ್ಲಿ ಎಂದು ಮೇಲೆ ಹೇಳಿದೆವು. ಚಿಕ್ಕಸೋಲೂರಾದರೆ ಪೀಣ್ಯಕ್ಕೆ ಅನುಕೂಲ; ವೈಟ್‌ಫೀಲ್ಡಿನವನು ಊರನ್ನೆಲ್ಲ ಅಡ್ಡಹಾಯಬೇಕು. ಕನಕಪುರ ರಸ್ತೆಯಾದರೆ ಎಲೆಕ್ಟ್ರಾನಿಕ್ ಸಿಟಿಗೆ ಸಮೀಪ, ಪೀಣ್ಯದವನಿಗೆ ಪ್ರಯಾಸ. ಹೊಸೂರಾದರೆ ಪೀಣ್ಯಕ್ಕೆ ದೇವನಹಳ್ಳಿಯೇ ವಾಸಿಯೆನಿಸೀತು. ಎಲ್ಲಿ ಕಟ್ಟಿದರೂ ಒಂದು ಮೂಲೆಗೆ ಹತ್ತಿರ, ಎರಡು ಮೂಲೆಗೆ ದೂರ. ಇಷ್ಟೇ ಅಲ್ಲದೆ, ಹುಬ್ಬಳ್ಳಿಯ ವಿಮಾನ ಒಂದು ನಿಲ್ದಾಣದಲ್ಲಿ, ದೆಹಲಿಯ ವಿಮಾನ ಇನ್ನೊಂದರಲ್ಲಿ ಎಂದಾದರೆ, ನಡುವೆ ವಿಮಾನ ಬದಲಿಸುವ ಬಡಪ್ರಯಾಣಿಕನು ಎರಡು ನಿಲ್ದಾಣಗಳ ನಡುವೆ ಮತ್ತೆ ನೆಲದ ಮೇಲೆಯೇ ಓಡಬೇಕು. ನೆಲದ ದಾರಿಯನ್ನು ಸರಿಪಡಿಸದೆ ಎರಡನೆಯ ನಿಲ್ದಾಣ ಕಟ್ಟುವುದೆಂದರೆ, ಹೆಬ್ಬಾಳದ ಗೋಳನ್ನು ಇನ್ನೊಂದು ಮೂಲೆಯಲ್ಲಿ ಹೊಸದಾಗಿ ನೆಟ್ಟು ಬೆಳೆಸಿದಂತೆ.

ಭೂಮಿಯ ಪ್ರಶ್ನೆ ಇನ್ನೂ ಗಂಭೀರವಾದದ್ದು. ದೇವನಹಳ್ಳಿಯ ನಿಲ್ದಾಣ ಹಬ್ಬಿರುವುದು ಸುಮಾರು 4,000 ಎಕರೆಗಳಲ್ಲಿ. ಚಕ್ಕೋತ, ದ್ರಾಕ್ಷಿಗಳಿಗೆ ಹೆಸರಾದ ಸೀಮೆಯದು. ಅಷ್ಟಕ್ಕೇ ಮುಗಿಯಲಿಲ್ಲ. ವಿಮಾನೋದ್ಯಮದ ಪಾರ್ಕಿಗೆಂದು ಚನ್ನರಾಯಪಟ್ಟಣ ಹೋಬಳಿಯ 1,777 ಎಕರೆಯನ್ನು ವಶಪಡಿಸಿಕೊಳ್ಳಲು ಸರ್ಕಾರದವರು ಹೊರಟಾಗ, ಅಲ್ಲಿನ ರೈತರು ಮೂರು ವರ್ಷಗಳಿಗೂ ಮೀರಿ ಸತ್ಯಾಗ್ರಹ ಹೂಡಿದರು. 2025ರ ಜುಲೈ 15ರಂದು ಮುಖ್ಯಮಂತ್ರಿಗಳು ಆ ಸ್ವಾಧೀನವನ್ನು ಕೈಬಿಟ್ಟಿರುವುದಾಗಿ ಪ್ರಕಟಿಸಿದರು. ಮಳೆ ಬಿಸಿಲೆನ್ನದೆ ಕುಳಿತ ಆ ಒಕ್ಕಲುಮಕ್ಕಳ ದೃಢತೆಯನ್ನು ನಾವು ಅಭಿನಂದಿಸುತ್ತೇವೆ. ತಡವಾಗಿಯಾದರೂ ಮಣಿದ ಸರ್ಕಾರವನ್ನೂ ನಿಂದಿಸುವುದಿಲ್ಲ. ಆದರೆ ಮತ್ತೆ ಸಾವಿರಾರು ಎಕರೆ ಕೇಳಲು ಹೊರಡುವ ಮುನ್ನ, ಈಗಾಗಲೇ ಕೊಟ್ಟ ಭೂಮಿಯಿಂದ ನಾಡಿಗೆ ಆಗಬೇಕಾದ ಪ್ರಯೋಜನವು ಪೂರ್ತಿ ಆಗಿದೆಯೆ ಎಂಬ ಲೆಕ್ಕವನ್ನು ರೈತನಿಗೆ ಒಪ್ಪಿಸಬೇಡವೆ? ತನ್ನ ಹೊಲ ಕೊಟ್ಟವನಿಗೆ, ಆ ಹೊಲದ ಮೇಲಿನಿಂದ ಹಾರುವವರು ಅಲ್ಲಿಗೆ ಬರಲು ಎರಡು ಘಂಟೆ ರಸ್ತೆಯಲ್ಲಿ ನಿಂತಿದ್ದಾರೆಂದು ಹೇಳಲು ನಮಗೆ ನಾಚಿಕೆಯಾಗಬೇಕು.

ವಿಮಾನ ಹತ್ತುವವರು ಅನುಕೂಲಸ್ಥರು, ಅವರ ಕಷ್ಟಕ್ಕೆ ಇಷ್ಟು ಮರುಕವೇಕೆ ಎಂದು ಕೆಲವರು ಆಕ್ಷೇಪಿಸಬಹುದು. ಪೀಣ್ಯದಲ್ಲಿ ಯಂತ್ರದ ಭಾಗ ಕಡೆಯುವ ಕೆಲಸಗಾರನು ಜನ್ಮದಲ್ಲಿ ಒಮ್ಮೆ ವಿಮಾನ ಹತ್ತಿಯಾನೋ ಇಲ್ಲವೋ. ಆದರೆ ಅನುಕೂಲಸ್ಥನ ಕಾರು ನಿಂತ ರಸ್ತೆಯಲ್ಲಿಯೇ ಅವನ ಬಸ್ಸೂ ನಿಂತಿರುತ್ತದೆ. ನಿಲ್ದಾಣದಲ್ಲಿ ಗುಡಿಸುವವರು, ಸಾಮಾನು ಹೊರುವವರು, ಕಾವಲುಗಾರರು ಕೂಡ ಅದೇ ದಾರಿಯಲ್ಲಿ ದಿನವೂ ಬಂದುಹೋಗತಕ್ಕವರು. ರೈಲು ಬಂದರೆ ಅದರಲ್ಲಿ ಇವರೆಲ್ಲರಿಗೂ ಜಾಗವುಂಟು; ಹೆಲಿಕಾಪ್ಟರಿನಲ್ಲಿ ಇಲ್ಲ. ಆದುದರಿಂದಲೇ ನಾವು ರೈಲಿನ ಪಕ್ಷವನ್ನು ವಹಿಸುತ್ತೇವೆ.

ನಮ್ಮ ಸೂಚನೆಗಳು ಮೂರು. ಮೊದಲನೆಯದಾಗಿ, ಸಿಲ್ಕ್ ಬೋರ್ಡಿನಿಂದ ಕೃಷ್ಣರಾಜಪುರ, ಹೆಬ್ಬಾಳಗಳ ಮೇಲೆ ನಿಲ್ದಾಣವನ್ನು ಸೇರುವ 58 ಕಿಲೋಮೀಟರಿನ ಮೆಟ್ರೋ ಮಾರ್ಗವನ್ನು ಇನ್ನೊಂದು ಗಡುವಿಗೆ ತಳ್ಳದೆ ಪೂರೈಸಬೇಕು. ಅದು ಪೂರೈಸಿದರೆ ಎಲೆಕ್ಟ್ರಾನಿಕ್ ಸಿಟಿಯವನು ಸಿಲ್ಕ್ ಬೋರ್ಡಿನಲ್ಲಿ, ವೈಟ್‌ಫೀಲ್ಡಿನವನು ಕೃಷ್ಣರಾಜಪುರದಲ್ಲಿ ರೈಲು ಬದಲಿಸಿ ನಿಲ್ದಾಣಕ್ಕೆ ಹೋಗಬಹುದು. ಪೀಣ್ಯವನ್ನು ಹೆಬ್ಬಾಳಕ್ಕೆ ಜೋಡಿಸುವ, 2024ರ ಆಗಸ್ಟಿನಲ್ಲಿ ಒಪ್ಪಿಗೆ ಪಡೆದ ಮಾರ್ಗವೂ ಇದರ ಬೆನ್ನಿಗೇ ಬರಬೇಕು. ಎರಡನೆಯದಾಗಿ, ಎರಡನೆಯ ನಿಲ್ದಾಣದ ಸ್ಥಳವನ್ನು ನಿಶ್ಚಯಿಸುವಾಗ ನಕ್ಷೆಯ ಮೇಲೆ ಕೈವಾರವಿಟ್ಟು ವೃತ್ತ ಎಳೆಯುವುದರ ಬದಲು, ಮೂರು ಮೂಲೆಗಳಿಂದಲೂ ಸಂಜೆ ಆರು ಘಂಟೆಯ ಹೊತ್ತಿನಲ್ಲಿ ತಗಲುವ ನಿಮಿಷಗಳನ್ನು ಎಣಿಸಿ, ಆ ಲೆಕ್ಕವನ್ನು ಜನರ ಮುಂದೆ ಪ್ರಕಟಿಸಬೇಕು. ಮೂರನೆಯದಾಗಿ, ಹೊಸ ನಿಲ್ದಾಣದಲ್ಲಿ ಮೊದಲ ವಿಮಾನ ಇಳಿಯುವ ದಿನ ಅಲ್ಲಿಗೆ ಮೊದಲ ರೈಲೂ ಬರತಕ್ಕದ್ದೆಂದು ಒಪ್ಪಂದದಲ್ಲಿಯೇ ಬರೆಯಬೇಕು. ಬೇರೆ ನಿಲ್ದಾಣ ಕೂಡದೆಂಬ ಷರತ್ತನ್ನು ಬರೆಯಲು ಬಂದ ಸರ್ಕಾರಕ್ಕೆ, ರೈಲು ಬರಲೇಬೇಕೆಂಬ ಷರತ್ತನ್ನು ಬರೆಯಲು ಬಾರದೆ ಹೋಗದು.

2033ಕ್ಕೆ ಇನ್ನು ಬಹಳ ವರ್ಷಗಳಿಲ್ಲ. ಈ ಅವಧಿಯನ್ನು ಸ್ಥಳದ ಜಗಳದಲ್ಲಿ ಕಳೆಯದೆ ದಾರಿಯ ಕೆಲಸಕ್ಕೆ ಉಪಯೋಗಿಸಿದರೆ, ಎರಡನೆಯ ನಿಲ್ದಾಣ ಎಷ್ಟು ದೊಡ್ಡದಾಗಿರಬೇಕು, ಎಷ್ಟು ಬೇಗ ಬೇಕು ಎಂಬ ಪ್ರಶ್ನೆಗಳಿಗೆ ಸರಿಯಾದ ಉತ್ತರ ತಾನಾಗಿ ದೊರೆಯುತ್ತದೆ. ಮನೆ ಗೆದ್ದು ಮಾರು ಗೆಲ್ಲು ಎಂದು ನಮ್ಮ ಹಿರಿಯರು ಹೇಳಿದ್ದಾರೆ. ನಗರದೊಳಗಿನ 40 ಕಿಲೋಮೀಟರನ್ನು ಗೆಲ್ಲದೆ, ನಾಡಿನ ಮೂಲೆಮೂಲೆಗೂ ಒಂದು ಘಂಟೆಯಲ್ಲಿ ತಲಪಿಸುತ್ತೇವೆಂದು ಹೇಳಿಕೊಳ್ಳುವುದು ನಮಗೆ ಶೋಭಿಸುವುದಿಲ್ಲ. ರಾಜ್ಯ ಸರ್ಕಾರದವರೂ ಕೇಂದ್ರ ಸರ್ಕಾರದವರೂ ಈ ವಿಷಯವನ್ನು ಹೊಸ್ತಿಲಿನಲ್ಲಿ ನಿಂತ ಪ್ರಯಾಣಿಕನ ಕಣ್ಣಿನಿಂದ ಒಮ್ಮೆ ನೋಡುವರೆಂದು ಆಶಿಸುತ್ತೇವೆ.